ನೆಲಕ್ಕೆ ಬಿದ್ದ ಮರಿಯನ್ನು ಎತ್ತಿಕೊಳ್ಳುವವರು

ವಿಭೂತಿ ಬುಧವಾರದಂದು ಹಣೆಗೆ ಬೂದಿ ಧರಿಸಿ ನಾವು ತಪಸ್ಸು ಕಾಲವನ್ನು ಪ್ರವೇಶಿಸುವ ಹೊತ್ತಿಗೆ, ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮತ್ತೊಂದು ಬಗೆಯ ವ್ರತ ನಡೆದಿರುತ್ತದೆ. ಊರಿನ ಹುಣಸೆ ಮರಗಳಲ್ಲಿ ಹಣ್ಣು ಮಾಗಿ ತೂಗುತ್ತಿರುತ್ತದೆ. ಆದರೆ ಮರದ ಒಡೆಯ ಗಳು ಹಿಡಿದು ಅದನ್ನು ಬಡಿಯಲು ಹೋಗುವುದಿಲ್ಲ. ಕೊಂಬೆಗಳ ನೆತ್ತಿಯ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟಿಕೊಂಡು ಮರಿಗಳನ್ನು ಸಾಕುತ್ತಿರುತ್ತವೆ. ಕೊಂಬೆ ಅಲುಗಿಸಿದರೆ ಮೊಟ್ಟೆ ಉರುಳೀತು, ಮರಿ ಬಿದ್ದೀತು ಎಂಬ ಅಂಜಿಕೆಯಿಂದ ಆ ಮನೆಯವರು ಕಣ್ಣೆದುರಿಗಿರುವ ಆದಾಯವನ್ನು ಬಿಟ್ಟುಕೊಡುತ್ತಾರೆ. ಇದನ್ನು ಅವರು ಉಪವಾಸವೆಂದು ಕರೆಯುವುದಿಲ್ಲ. ಕರೆದರೆ ತಪ್ಪೇನೂ ಆಗದು.

ಹೆಜ್ಜಾರ್ಲೆಗೂ ಧರ್ಮಸಭೆಗೂ ಇರುವ ನಂಟು ಬಹಳ ಹಳೆಯದು. ತನ್ನ ಎದೆಯನ್ನೇ ಕೊಕ್ಕಿನಿಂದ ಸೀಳಿ, ಹರಿಯುವ ರಕ್ತದಿಂದ ಮರಿಗಳನ್ನು ಬದುಕಿಸುವ ಹಕ್ಕಿಯೆಂದು ಆದಿ ಕ್ರೈಸ್ತರ ಕಾಲದಿಂದಲೂ ಒಂದು ಕಥೆ ಹರಿದುಬಂದಿದೆ. 13ನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಪರಮಪ್ರಸಾದವನ್ನು ಕುರಿತು ರಚಿಸಿದ ಸ್ತೋತ್ರದಲ್ಲಿ ಪ್ರಭು ಯೇಸುವನ್ನು ಈ ಹಕ್ಕಿಯ ಹೆಸರಿನಿಂದಲೇ ಸಂಬೋಧಿಸಿದರು. ಅನೇಕ ದೇವಾಲಯಗಳ ಪೂಜಾಪೀಠಗಳ ಮೇಲೆ, ಪರಮಪ್ರಸಾದ ಪೆಟ್ಟಿಗೆಗಳ ಬಾಗಿಲ ಮೇಲೆ, ಗುರುಗಳ ಪೂಜಾವಸ್ತ್ರಗಳ ಕಸೂತಿಯಲ್ಲಿ ಮೂರು ಮರಿಗಳ ಮೇಲೆ ಬಾಗಿ ನಿಂತ ತಾಯಿಹಕ್ಕಿಯ ಚಿತ್ರ ಇಂದಿಗೂ ಕಾಣಸಿಗುತ್ತದೆ. ಅದು ಯಾವ ಹಕ್ಕಿಯೆಂದು ಮಕ್ಕಳು ಕೇಳಿದರೆ ಹಂಸವೆಂದೋ ಪಾರಿವಾಳವೆಂದೋ ಹೇಳಿ ಮುಂದೆ ಸಾಗುವ ಹಿರಿಯರು ನಮ್ಮಲ್ಲಿ ಕಡಮೆಯೇನಿಲ್ಲ. ಅದೇ ಕುಲದ ಹಕ್ಕಿ ಮೈಸೂರು ಧರ್ಮಕ್ಷೇತ್ರದ ಎಲ್ಲೆಯೊಳಗೇ, ಬೆಂಗಳೂರಿನಿಂದ ಸುಮಾರು 80 ಕಿಲೋಮೀಟರು ದೂರದ ಹಳ್ಳಿಯೊಂದರಲ್ಲಿ, ತಪಸ್ಸು ಕಾಲದ ದಿನಗಳಲ್ಲೇ ಮರಿಗಳನ್ನು ಪೋಷಿಸುತ್ತಿದೆಯೆಂಬುದು ನಮ್ಮಲ್ಲಿ ಎಷ್ಟು ಕುಟುಂಬಗಳಿಗೆ ತಿಳಿದಿದೆ?

ಹೆಜ್ಜಾರ್ಲೆ ತನ್ನ ರಕ್ತವನ್ನೇನೂ ಉಣಿಸುವುದಿಲ್ಲ. ಕೆರೆ ಹೊಳೆಗಳಲ್ಲಿ ಹಿಡಿದ ಮೀನನ್ನು ನುಂಗಿ ತಂದು, ಕೊಕ್ಕನ್ನು ಎದೆಯತ್ತ ಬಾಗಿಸಿ ಹೊರಕ್ಕೆ ತರುತ್ತದೆ. ಮರಿಗಳು ತಾಯಿಯ ಗಂಟಲ ಚೀಲದೊಳಕ್ಕೇ ತಲೆ ತೂರಿಸಿ ತಿನ್ನುತ್ತವೆ. ಇದನ್ನು ದೂರದಿಂದ ಕಂಡವರು ಎದೆ ಸೀಳಿಕೊಂಡಿತೆಂದು ಭಾವಿಸಿದ್ದರೆ ಅಚ್ಚರಿಯಿಲ್ಲ. ಕಥೆ ಸುಳ್ಳಾಯಿತೆಂದು ನಾವು ಪೇಚಾಡಬೇಕಾಗಿಯೂ ಇಲ್ಲ. ದುರ್ಬೀನು ಹಿಡಿದು ಅರ್ಧ ಗಂಟೆ ಸುಮ್ಮನೆ ನಿಂತರೆ, ಬಿಸಿಲಿನಲ್ಲಿ ರೆಕ್ಕೆ ಅಗಲಿಸಿ ಮರಿಗಳಿಗೆ ನೆರಳಾಗುವ, ದೂರದ ನೀರಿಗೆ ಹಾರಿ ಹೋಗಿ ಆಹಾರ ಹೊತ್ತು ಮರಳುವ ಆ ಹಕ್ಕಿಯ ದುಡಿಮೆ ಕಣ್ಣಿಗೆ ಬೀಳುತ್ತದೆ. ಅಷ್ಟೇ ಅಲ್ಲ, ಆ ಮರದ ಕೆಳಗೆ ಬಾಳುವ ಜನರ ತ್ಯಾಗವೂ ತಿಳಿಯುತ್ತದೆ.

ಪಕ್ಷಿಗಳು ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಬರತೊಡಗಿ, ಬೇಸಿಗೆಯನ್ನು ಇಲ್ಲಿಯೇ ಕಳೆದು, ಮುಂಗಾರಿನ ಹೊತ್ತಿಗೆ ಮರಿಗಳೊಡನೆ ಚದುರಿಹೋಗುತ್ತವೆ. ಊರಿನವರ ಬಾಯಲ್ಲಿ ಅವು ಹೆರಿಗೆಗೆಂದು ತವರಿಗೆ ಬಂದ ಹೆಣ್ಣುಮಕ್ಕಳು. ಹಿಂದೆ ಶಿಂಷಾ ನದಿಯ ದಡದಲ್ಲಿದ್ದ ಊರನ್ನು ಪ್ಲೇಗಿನ ಕಾಲದಲ್ಲಿ ತೊರೆದು ಜನರು ಈಗಿನ ನೆಲೆಗೆ ಬಂದಾಗ ಹಕ್ಕಿಗಳೂ ಅವರ ಬೆನ್ನು ಹತ್ತಿ ಬಂದವೆಂದು ಹಿರಿಯರು ಹೇಳುತ್ತಾರೆ. ಹೊರಗಿನ ಲೋಕಕ್ಕೆ ಈ ಹಕ್ಕಿಗಳ ಊರನ್ನು ಮತ್ತೆ ಪರಿಚಯಿಸಿದವರು ಅರಣ್ಯಾಧಿಕಾರಿಯಾಗಿದ್ದ ಎಸ್. ಜಿ. ನೇಗಿನಹಾಳರು, ಅದು 1976ರ ಮಾತು. ಮರದಡಿ ಗುಂಡಿ ತೋಡಿ, ಕೆರೆಯ ಗೋಡು ಹರಡಿ, ಬಿದ್ದ ಹಿಕ್ಕೆಯನ್ನು ಗೊಬ್ಬರ ಮಾಡಿಕೊಳ್ಳುವ ಜಾಣ್ಮೆಯೂ ಇಲ್ಲಿಯ ರೈತರಿಗೆ ಒಲಿದಿದೆ. ನಷ್ಟವಾದ ಹುಣಸೆಗೆ ಬದಲಾಗಿ ಅರಣ್ಯ ಇಲಾಖೆ ಮರದ ಒಡೆಯರಿಗೆ ಒಂದಿಷ್ಟು ಪರಿಹಾರ ಕೊಡುವ ವ್ಯವಸ್ಥೆಯನ್ನೂ ಮಾಡಿತು. 2007ರಲ್ಲಿ ಸರಕಾರ ಈ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಹೆಸರೇ ಹೇಳುವಂತೆ, ಇಲ್ಲಿ ಕಾವಲಿಗಿರುವುದು ಬೇಲಿಯಲ್ಲ, ಸಮುದಾಯ.

ಆ ಸಮುದಾಯದೊಳಗಿಂದಲೇ 1990ರ ದಶಕದಲ್ಲಿ ಮೈಸೂರಿನ ನಿಸರ್ಗಪ್ರೇಮಿಗಳ ಬೆಂಬಲದೊಂದಿಗೆ ಹುಟ್ಟಿಕೊಂಡದ್ದು ‘ಹೆಜ್ಜಾರ್ಲೆ ಬಳಗ’. ಹಳ್ಳಿಯ ಯುವಕರು ಕೈಗೆತ್ತಿಕೊಂಡ ಕೆಲಸ ಸರಳವಾದುದು: ಗೂಡುಗಳನ್ನು ಎಣಿಸುವುದು, ಮರಗಳನ್ನು ಕಾಯುವುದು, ಬಂದವರಿಗೆ ತಿಳಿಹೇಳುವುದು. ಎಲ್ಲಕ್ಕಿಂತ ಮಿಗಿಲಾಗಿ, ಗೂಡಿನಿಂದ ಜಾರಿ ಬಿದ್ದ ಮರಿಗಳನ್ನು ಎತ್ತಿಕೊಳ್ಳುವುದು. ನೆಲಕ್ಕೆ ಬಿದ್ದ ಮರಿಗೆ ತಾಯಿ ಇಳಿದು ಬಂದು ಉಣಿಸುವುದಿಲ್ಲ; ಬಿಟ್ಟರೆ ನಾಯಿಯ ಪಾಲು, ಇಲ್ಲವೇ ಹಸಿವಿನ ಪಾಲು. ಅಂಥ ಮರಿಗಳನ್ನು ಬಲೆ ಕಟ್ಟಿದ ಆವರಣದಲ್ಲಿಟ್ಟು, ಮೀನು ತಂದು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಲು ಬಿಡುವ ಪರಿಪಾಠವನ್ನು ಬಳಗ ಬೆಳೆಸಿತು.

ಎರಡು ಗುಬ್ಬಿಗಳಿಗೆ ಸಿಗುವ ಬೆಲೆ ಎಷ್ಟು ಅಲ್ಪವೆಂದು ನೆನಪಿಸಿ, ಅವುಗಳಲ್ಲಿ ಒಂದೂ ತಂದೆಯ ಅರಿವಿಲ್ಲದೆ ನೆಲಕ್ಕೆ ಬೀಳದೆಂದು ಪ್ರಭು ಹೇಳಿದ್ದನ್ನು ಸಂತ ಮತ್ತಾಯನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ನಾವೆಲ್ಲರೂ ಓದಿದ್ದೇವೆ. ಓದಿ, ನಮ್ಮ ಬೆಲೆ ಗುಬ್ಬಿಗಿಂತ ಹೆಚ್ಚೆಂಬ ಸಮಾಧಾನವನ್ನು ಮಾತ್ರ ಉಳಿಸಿಕೊಂಡಿದ್ದೇವೆ. ಬಿದ್ದ ಗುಬ್ಬಿಯನ್ನು ತಂದೆ ಬಲ್ಲರೆಂದರೆ, ಆ ತಂದೆಯ ಮಕ್ಕಳಾದವರೂ ಅದನ್ನು ಬಲ್ಲವರಾಗಬೇಕಲ್ಲವೇ? ಶುಭಸಂದೇಶವನ್ನು ಓದಿರದವರೂ ಇರುವ ಊರೊಂದರಲ್ಲಿ ಅದರ ಒಂದು ವಚನ ಹೀಗೆ ಆಚರಣೆಗೆ ಬಂದಿದೆ. ಪ್ರತಿ ವರ್ಷ ಅದನ್ನು ಬಲಿಪೂಜೆಯಲ್ಲಿ ಆಲಿಸುವ ನಾವು ಅಲ್ಲಿಗೆ ಕಲಿಸಲು ಹೋಗಬೇಕಾಗಿಲ್ಲ, ಕಲಿಯಲು ಹೋಗಬೇಕಾಗಿದೆ.

ಶ್ರೀಗ್ರಂಥದ ಇನ್ನೊಂದು ವಿಧಿ ನಮ್ಮ ಗಮನಕ್ಕೆ ಬಾರದೆ ಉಳಿದಿದೆ. ದಾರಿಯಲ್ಲಿ ಮರದ ಮೇಲಾಗಲಿ ನೆಲದ ಮೇಲಾಗಲಿ ಗೂಡು ಕಂಡರೆ, ಮರಿಗಳೊಡನೆ ತಾಯಿಯನ್ನೂ ಹಿಡಿಯಬಾರದೆಂದು ಧರ್ಮೋಪದೇಶಕಾಂಡದ 22ನೆಯ ಅಧ್ಯಾಯ ಆಜ್ಞಾಪಿಸುತ್ತದೆ. ಹಾಗೆ ನಡೆದವರಿಗೆ ಕ್ಷೇಮವೂ ದೀರ್ಘಾಯುಷ್ಯವೂ ಲಭಿಸುವುದೆಂಬ ವಾಗ್ದಾನವೂ ಅಲ್ಲಿದೆ. ತಂದೆತಾಯಿಯರನ್ನು ಗೌರವಿಸುವವರಿಗೆ ದಶಾಜ್ಞೆಗಳಲ್ಲಿ ದೊರೆತಿರುವುದೂ ಇಂಥದೇ ವಾಗ್ದಾನ. ಹಕ್ಕಿಯ ತಾಯ್ತನವನ್ನು ಮನ್ನಿಸುವ ಚಿಕ್ಕ ವಿಧಿಗೂ ಹೆತ್ತವರನ್ನು ಮನ್ನಿಸುವ ಹಿರಿಯ ಆಜ್ಞೆಗೂ ದೇವರು ಒಂದೇ ಬಗೆಯ ಫಲವನ್ನಿತ್ತಿರುವುದು ಧ್ಯಾನಕ್ಕೆ ಯೋಗ್ಯವಾದ ವಿಷಯ. 1979ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ಪರಿಸರದ ಪಾಲಕ ಸಂತರೆಂದು ಸಾರಿದರು. 1990ರ ವಿಶ್ವಶಾಂತಿ ದಿನದ ಸಂದೇಶವನ್ನು ಇದೇ ವಿಷಯಕ್ಕೆ ಮೀಸಲಿಟ್ಟರು. 2015ರಲ್ಲಿ ಜಗದ್ಗುರು ಫ್ರಾನ್ಸಿಸರು ತಮ್ಮ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಸೃಷ್ಟಿಯ ವಿಷಯದಲ್ಲಿಯೂ ನಮಗೆ ಮನಪರಿವರ್ತನೆ ಬೇಕೆಂದರು. ಮನಪರಿವರ್ತನೆಯ ಕಾಲವೆಂದರೆ ತಪಸ್ಸು ಕಾಲವೇ ತಾನೆ?

ಕೊಕ್ಕರೆ ಬೆಳ್ಳೂರಿನಲ್ಲಿ ಎಲ್ಲವೂ ಕ್ಷೇಮವಾಗಿದೆಯೆಂದು ಭಾವಿಸಬಾರದು. ಮನೆ ಪಾಲಾದಾಗ ಮರವೂ ಪಾಲಾಗುತ್ತದೆ. ಹೊಸ ಗೋಡೆ ಏಳಬೇಕಾದಲ್ಲಿ ಹಳೆಯ ಹುಣಸೆ ಅಡ್ಡಿಯೆನಿಸುತ್ತದೆ. ಕೆರೆಗಳಲ್ಲಿ ನೀರಿಲ್ಲದ ವರ್ಷ ಮೀನಿಲ್ಲ, ಮೀನಿಲ್ಲದ ವರ್ಷ ಮರಿಗಳಿಗೆ ಹೊಟ್ಟೆ ತುಂಬುವುದಿಲ್ಲ. 2017ರ ಕೊನೆಯಿಂದ 2018ರ ಆರಂಭದವರೆಗೆ ಹತ್ತಾರು ಹೆಜ್ಜಾರ್ಲೆಗಳು ಇಲ್ಲಿ ಸತ್ತುಬಿದ್ದಾಗ, ಅವುಗಳ ಒಡಲಲ್ಲಿ ಜಂತುಹುಳುಗಳ ಬಾಧೆ ಪತ್ತೆಯಾಯಿತು. ಹಕ್ಕಿಗಳು ತವರೆಂದು ನಂಬಿ ಬರುವ ಊರನ್ನು ಉಳಿಸಲು ಊರೊಂದರ ಒಳ್ಳೆಯತನವೇ ಸಾಲದು. ಅವು ಮೀನು ಹಿಡಿಯುವ ಕೆರೆಗಳ ಸುತ್ತಲಿನವರೆಲ್ಲರೂ ಹೊಣೆ ಹೊರಬೇಕು.

ಬಡವರಿಗೆ ಸೂರಿಲ್ಲದಿರುವಾಗ ಹಕ್ಕಿಗಳ ಚಿಂತೆ ಏಕೆಂದು ಕೇಳುವವರಿದ್ದಾರೆ. ಪ್ರಾಮಾಣಿಕವಾದ ಪ್ರಶ್ನೆ. ಆದರೆ ಕೊಕ್ಕರೆ ಬೆಳ್ಳೂರಿನ ಮರಗಳ ಒಡೆಯರು ಸಿರಿವಂತರಲ್ಲ; ಹಕ್ಕಿಗಾಗಿ ಕೈಬಿಟ್ಟ ಹುಣಸೆ ಅವರ ಪಾಲಿಗೆ ಸಣ್ಣ ಮೊತ್ತವೂ ಅಲ್ಲ. ಹಕ್ಕಿಯನ್ನು ಉಳಿಸುವ ಭಾರ ಬಡ ರೈತನ ಹೆಗಲ ಮೇಲೆಯೇ ಇರಲಿ, ನಾವು ಬಂದು ನೋಡಿ ಆನಂದಿಸಿ ಹೋಗುತ್ತೇವೆ ಎಂಬುದೇ ನಿಜವಾದ ಅನ್ಯಾಯ. ಹಕ್ಕಿಯ ಪ್ರಶ್ನೆಯೂ ಬಡವನ ಪ್ರಶ್ನೆಯೂ ಅಲ್ಲಿ ಒಂದೇ ಮರದ ಕೆಳಗೆ ನಿಂತಿವೆ.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ದೇವಾಲಯದ ಅಂಗಳದ ನೆರಳುಮರವೊಂದನ್ನು ವಾರ್ಷಿಕ ಹಬ್ಬದ ಚಪ್ಪರಕ್ಕೆಂದೂ ವಾಹನಗಳ ನಿಲುಗಡೆಗೆಂದೂ ಬೇಸಿಗೆಯಲ್ಲಿ ಉರುಳಿಸಿದ್ದನ್ನು ನಾವು ಕಂಡಿದ್ದೇವೆ. ಕೊಂಬೆಗಳ ನಡುವೆ ಗೂಡುಗಳಿದ್ದುದು ಮರ ಬಿದ್ದ ಮೇಲೆ ತಿಳಿಯಿತು. ಆ ಸಭೆಯಲ್ಲಿ ಕುಳಿತಿದ್ದವರಲ್ಲಿ ನಾವೂ ಇದ್ದೆವು, ಕೈ ಎತ್ತಿದವರಲ್ಲಿಯೂ ಇದ್ದೆವು. ಮರುವಾರ ಅದೇ ಅಂಗಳದಲ್ಲಿ, ಬಿಸಿಲಿನಲ್ಲಿ ನಿಂತು, ಶಿಲುಬೆ ಹಾದಿಯ ಪ್ರಾರ್ಥನೆ ಮಾಡಿದೆವು.

ಆದುದರಿಂದ ಈ ತಪಸ್ಸು ಕಾಲಕ್ಕೆ ನಮ್ಮ ಓದುಗ ಕುಟುಂಬಗಳ ಮುಂದೆ ಮೂರು ಸಲಹೆಗಳನ್ನು ಇರಿಸಬಯಸುತ್ತೇವೆ. ಮೊದಲನೆಯದು, ಜ್ಞಾನೋಪದೇಶ ತರಗತಿಯ ಮಕ್ಕಳನ್ನೂ ಯುವಜನರನ್ನೂ ಒಂದು ಮುಂಜಾನೆ ಕೊಕ್ಕರೆ ಬೆಳ್ಳೂರಿಗೆ ಕರೆದೊಯ್ಯುವುದು. ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ಮದ್ದೂರಿಗೆ ಮುಂಚೆ ಸಿಗುವ ರುದ್ರಾಕ್ಷಿಪುರದ ಬಳಿ ತಿರುಗಿದರೆ ಸುಮಾರು 12 ಕಿಲೋಮೀಟರು. ಆದರೆ ಅದು ವಿಹಾರಯಾತ್ರೆಯಾಗದಿರಲಿ. ಧ್ವನಿವರ್ಧಕ ಬೇಡ, ಪ್ಲಾಸ್ಟಿಕ್ ತಟ್ಟೆಗಳು ಬೇಡ, ಗೂಡಿನ ನೇರ ಕೆಳಗೆ ಗುಂಪುಗೂಡುವುದು ಬೇಡ. ಅದು ಜನರ ಮನೆಯಂಗಳ. ಕೇಳಿಕೊಂಡೇ ಒಳಗೆ ಕಾಲಿಡಬೇಕು. ಊರಿನ ಬಳಗದವರು ಹೇಳುವುದನ್ನು ಕೇಳಬೇಕು. ಉಪವಾಸದಿಂದ ಉಳಿತಾಯ ಮಾಡಿದ ಹಣದಲ್ಲಿ ಒಂದು ಪಾಲು ಬಿದ್ದ ಮರಿಗಳ ಮೀನಿಗೆ ಸಲ್ಲಲಿ.

ಎರಡನೆಯದು, ಭಾನುವಾರದ ಬಲಿಪೂಜೆಯ ನಂತರ ಹದಿನೈದು ನಿಮಿಷ ದೇವಾಲಯದ ಅಂಗಳದಲ್ಲಿಯೇ ನಿಂತು, ಕಂಡ ಹಕ್ಕಿಗಳ ಹೆಸರನ್ನೂ ಸಂಖ್ಯೆಯನ್ನೂ ಮಕ್ಕಳಿಂದ ಬರೆಯಿಸುವುದು. ಪ್ರತಿ ಫೆಬ್ರವರಿಯಲ್ಲಿ ಹಲವು ದೇಶಗಳ ಜನರು ನಾಲ್ಕು ದಿನ ಸೇರಿ ನಡೆಸುವ ಹಿತ್ತಲ ಹಕ್ಕಿಗಳ ಗಣತಿಗೆ ಬೇಕಾದುದೂ ಇಷ್ಟೇ ಸಮಯ. 2013ರಿಂದ ಭಾರತದವರೂ ಅದರಲ್ಲಿ ಪಾಲ್ಗೊಳ್ಳುತ್ತಿದ್ದಾರೆ. ಗೊರವಂಕ, ಪಿಕಳಾರ, ಕುಟ್ರು ಹಕ್ಕಿ, ಗಂಟೆಗೋಪುರದ ಗೂಬೆ, ಇವೆಲ್ಲವೂ ನಮ್ಮ ಧರ್ಮಕೇಂದ್ರದ ನಿವಾಸಿಗಳೇ. ಗೂಬೆ ಅಪಶಕುನವೆಂದು ಕಲ್ಲೆಸೆಯುವುದು ಕ್ರೈಸ್ತರಿಗೆ ಒಪ್ಪುವ ನಡತೆಯಲ್ಲ. ಅದು ಇಲಿಗಳನ್ನು ಹಿಡಿದು ಉಪಕಾರವನ್ನೇ ಮಾಡುತ್ತದೆ. ಹೆಸರು ತಿಳಿಯದಿದ್ದರೆ ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಮನೆಯಲ್ಲಿರಲಿ. ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನಲ್ಲಿದ್ದ ಯೇಸುಸಭೆಯ ಗುರು ಸೆಸಿಲ್ ಸಲ್ಡಾನರು ಹಾಸನ ಜಿಲ್ಲೆಯ ಸಸ್ಯಗಳನ್ನು ಹೆಸರು ಹಿಡಿದು ಗುರುತಿಸಿ, 1976ರಲ್ಲಿ ಸಹಲೇಖಕರೊಡನೆ ಗ್ರಂಥವಾಗಿಸಿದರು. ಸೃಷ್ಟಿಯನ್ನು ಹೆಸರಿಡಿದು ಬಲ್ಲವರ ಪರಂಪರೆ ನಮಗೆ ಹೊಸದಲ್ಲ.

ಮೂರನೆಯದೇ ಹೆಚ್ಚು ಕಠಿಣವಾದುದು. ಫೆಬ್ರವರಿಯಿಂದ ಮುಂಗಾರು ಕಾಲೂರುವವರೆಗೆ ದೇವಾಲಯ, ಶಾಲೆ, ಮಠ, ಸ್ಮಶಾನಗಳ ಆವರಣದಲ್ಲಿ ಯಾವ ಮರವನ್ನೂ ಕಡಿಯಲಾಗದು, ಕೊಂಬೆಗಳನ್ನೂ ಸವರಲಾಗದು ಎಂದು ಪ್ರತಿ ಧರ್ಮಕೇಂದ್ರದ ಪಾಲನಾ ಸಮಿತಿ ಲಿಖಿತ ನಿರ್ಣಯ ಮಾಡಲಿ. ಮರ ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಅನುಮತಿ ಬೇಕು. ಕಾಡುಹಕ್ಕಿಗಳ ಮೊಟ್ಟೆ ಗೂಡುಗಳನ್ನು ಕೆಡಿಸುವುದನ್ನು 1972ರ ವನ್ಯಜೀವಿ ಕಾಯಿದೆ ಬೇಟೆಯೆಂದೇ ಎಣಿಸುತ್ತದೆ. ಕಾನೂನಿನ ಭಯಕ್ಕೆ ಮುನ್ನ ದೇವಭಯ ನಮ್ಮನ್ನು ತಡೆಯಲಿ. ಚಪ್ಪರ ಸ್ವಲ್ಪ ಕಿರಿದಾದರೆ ಹಬ್ಬದ ಸಂಭ್ರಮ ಕುಂದದು.

ಪುನರುತ್ಥಾನದ ಹಬ್ಬದ ಮುಂಜಾನೆ ನಮ್ಮ ದೇವಾಲಯಗಳಲ್ಲಿ ಗಂಟೆಗಳು ಮೊಳಗುವ ವೇಳೆಗೆ, ಕೊಕ್ಕರೆ ಬೆಳ್ಳೂರಿನ ಮರಗಳಲ್ಲಿ ಬಲಿತ ಮರಿಗಳು ರೆಕ್ಕೆ ಬಿಚ್ಚಿ ಬಡಿಯುತ್ತಿರುತ್ತವೆ. ಅವುಗಳ ಜೊತೆಯಲ್ಲಿ, ಒಮ್ಮೆ ನೆಲಕ್ಕೆ ಬಿದ್ದು ಯಾರದೋ ಕೈಗಳಲ್ಲಿ ಬದುಕಿ ಉಳಿದ ಮರಿಗಳೂ ಹಾರಲು ಅಣಿಯಾಗುತ್ತಿರುತ್ತವೆ. ಮುಂದಿನ ವರ್ಷ ಆ ಕೈಗಳಲ್ಲಿ ಕೆಲವು ನಮ್ಮ ಮಕ್ಕಳದಾಗಿರಲಿ.