ಎಡೆಕುಂಟೆ ಅಟ್ಟ ಸೇರಿದ್ದೇಕೆ?

ಸೊರಬ, ಶಿಕಾರಿಪುರದ ಮುಸುಕಿನ ಜೋಳದ ಹೊಲಗಳಲ್ಲಿ ಅಟ್ರಜಿನ್ ಸಿಂಪರಣೆ ವಾಡಿಕೆಯಾಗಿದೆ. ಅಂತರ್ಜಲಕ್ಕೆ ಇಳಿಯುತ್ತದೆಂಬ ಕಾರಣಕ್ಕೆ ಐರೋಪ್ಯ ಒಕ್ಕೂಟ 2004ರಲ್ಲಿ ಅನುಮತಿ ನಿರಾಕರಿಸಿದ ಕಳೆನಾಶಕವಿದು. 2020ರಲ್ಲಿ ನಮ್ಮ ಕೇಂದ್ರ ಸರ್ಕಾರವೂ ನಿಷೇಧದ ಕರಡುಪಟ್ಟಿಯಲ್ಲಿ ಇದನ್ನು ಹೆಸರಿಸಿತ್ತು.

ಎಡೆಕುಂಟೆಯ ಅಲಗು ಮೇಲ್ಮಣ್ಣಿನಡಿ ಸರಿದು ಕಳೆಯ ಬೇರನ್ನು ಕತ್ತರಿಸುತ್ತದೆ. ಹೆಪ್ಪುಗಟ್ಟಿದ ಮಣ್ಣನ್ನೊಡೆದು ತೇವ ಆರದಂತೆ ಸಡಿಲ ಮಣ್ಣಿನ ಹೊದಿಕೆ ಹಾಸುತ್ತದೆ. ರಾಗಿ ದಟ್ಟವಾಗಿದ್ದರೆ ಪೈರನ್ನೂ ತೆಳುವಾಗಿಸುತ್ತದೆ. ಸಿಂಪರಣೆಯಿಂದ ಇವುಗಳಲ್ಲಿ ಯಾವುದು ಸಾಧ್ಯ? ಕಳೆ ಸಾಯುತ್ತದೆ, ಸರಿ. ಜೋಳದ ನಡುವಿನ ಅಕ್ಕಡಿ ಸಾಲಿನ ಅವರೆ, ಅಲಸಂದೆಯನ್ನೂ ಅದು ಏಳಗೊಡದು.

'ಎತ್ತಿಲ್ಲ, ಆಳಿಲ್ಲ' ಎಂಬ ರೈತರ ಮಾತು ಸುಳ್ಳಲ್ಲ. ಆದರೆ ಒಬ್ಬರೇ ತಳ್ಳಬಹುದಾದ ಸೈಕಲ್ ಎಡೆಕುಂಟೆಯಿದೆಯಲ್ಲ! ಕೃಷಿ ವಿಜ್ಞಾನಿಗಳಾದ ನಾವು ಅದನ್ನು ಹೊಲಕ್ಕಿಳಿಸಿ ತೋರಿಸುವುದು ಬಿಟ್ಟು, ಎಕರೆಗೆಷ್ಟು ವಿಷವೆಂಬ ಲೆಕ್ಕವನ್ನೇ ಒಪ್ಪಿಸುತ್ತಿದ್ದೇವೆ.