ಎಳನೀರು ಲಾರಿಗೆ, ಬಿಯರು ನಮಗೆ: ಇದ್ಯಾವ ಲೆಕ್ಕ?



ಈ ಸಲ ಗೊಬ್ಬರ, ನುಸಿ, ಬೋರ್‌ವೆಲ್ಲು ಯಾವುದರ ವಿಷಯವೂ ಅಲ್ಲ. ಬಿಯರಿನ ವಿಷಯ. ಸ್ವಲ್ಪ ಜಗಳದ ಧಾಟೀಲೇ ಬರೀತೀನಿ. ಬೇಜಾರು ಮಾಡ್ಕೊಳ್ಳೋರು ಪೂರ್ತಿ ಓದಿದ ಮೇಲೆ ಮಾಡ್ಕೊಳ್ಳಿ.

ಬೇಸಿಗೆಯಲ್ಲಿ ಮದ್ದೂರಿನ ಎಳನೀರು ಮಾರ್ಕೆಟ್ಟಿಗೆ ಹೋಗಿ ಒಂದು ಗಂಟೆ ನಿಂತು ನೋಡಿ. ಲಾರಿ ಮೇಲೆ ಲಾರಿ ತುಂಬಿ ಮುಂಬೈ, ದೆಹಲಿ ಕಡೆಗೆ ಹೋಗ್ತವೆ. ಅಲ್ಲಿ ಡಾಕ್ಟ್ರು ಹೇಳಿದರು ಅಂತ ಜನ ದುಬಾರಿ ದುಡ್ಡು ಕೊಟ್ಟು ಅದನ್ನ ಕುಡೀತಾರೆ. ಮರ ಬೆಳೆಸಿ ಕಾಯಿ ಇಳಿಸಿಕೊಟ್ಟ ನಾವು, ಅದೇ ದುಡ್ಡು ತಗೊಂಡು ಸಾಯಂಕಾಲ ಬಾರಿನ ಮುಂದೆ ನಿಲ್ತೀವಿ. ಕೇಳಿದರೆ ಬರೋ ಉತ್ತರ ಒಂದೇ: "ಬಿಸ್ಲು ಹೆಂಗೈತೆ ನೋಡಣ್ಣ, ಒಂದು ಬಿಯರ್ ಹಾಕುದ್ರೆ ಮೈ ತಣ್ಣಗಾಯ್ತದೆ ಕನಣ್ಣ."

ನನ್ನ ಜಗಳ ಈ ಮಾತಿನ ಜೊತೆ. ಕುಡಿಯೋರ ಜೊತೆ ಅಲ್ಲ. ಕಮ್ಮಿ ಮಾಡಬೇಕು ಅಂತ ಮನಸ್ಸಿರೋರು ನಮ್ಮೂರಲ್ಲೇ ಬೇಕಾದಷ್ಟು ಜನ ಇದ್ದಾರೆ. ಅವರು ಮೊದಲು ಮಾಡೋ ಕೆಲಸ ಏನು ಗೊತ್ತಾ? ವಿಸ್ಕಿ ಬಿಟ್ಟು ಬಿಯರಿಗೆ ಬರೋದು. "ಬಿಯರ್ ಏನು ಎಣ್ಣೆ ಅಲ್ಲ ಬಿಡಣ್ಣ" ಅಂತ ಸಮಾಧಾನ ಮಾಡ್ಕೊಳ್ಳೋದು. ಹಾಗಾಗಿ ಮೊದಲು ಲೆಕ್ಕ ನೋಡೋಣ.

ಸ್ಟ್ರಾಂಗ್ ಬಿಯರಿನ ದೊಡ್ಡ ಬಾಟ್ಲಿ 650 ಮಿ.ಲೀ. ಅದರಲ್ಲಿ ಆಲ್ಕೋಹಾಲು ಶೇ. 8ರವರೆಗೆ ಇರುತ್ತೆ. ಅಂದರೆ 52 ಮಿ.ಲೀ., ತೂಕದಲ್ಲಿ ಸುಮಾರು 41 ಗ್ರಾಂ. ಈಗ 90 ಮಿ.ಲೀ. ವಿಸ್ಕಿ ಪ್ಯಾಕೆಟ್ ತಗೊಳ್ಳಿ, ನಾವು ನೈಂಟಿ ಅಂತೀವಲ್ಲ ಅದು. ಶೇ. 42.8ರ ಲೆಕ್ಕದಲ್ಲಿ ಅದರೊಳಗೆ ಇರೋದು ಸುಮಾರು 30 ಗ್ರಾಂ. ಒಂದು ನೈಂಟಿಗಿಂತ ಒಂದು ಸ್ಟ್ರಾಂಗ್ ಬಿಯರಲ್ಲೇ ಆಲ್ಕೋಹಾಲು ಜಾಸ್ತಿ! ನೈಂಟಿ ಬಿಟ್ಟು ಬಿಯರಿಗೆ ಬಂದವನು ಮೆಟ್ಟಿಲು ಇಳಿದಿಲ್ಲ, ಹತ್ತಿದ್ದಾನೆ. ಶೇ. 5ರ ಮೈಲ್ಡ್ ಬಿಯರ್ ಆದರೂ 25 ಗ್ರಾಂ ದಾಟುತ್ತೆ.

ಇನ್ನು ತಂಪಿನ ಮಾತು. ಬಾಟ್ಲಿ ತಣ್ಣಗಿರೋದು ಫ್ರಿಜ್ಜಿನ ಮಹಿಮೆ, ಬಿಯರಿಂದಲ್ಲ. ಮೈಯಲ್ಲಿ ನೀರು ಹಿಡಿದಿಡೋಕೆ ಒಂದು ಹಾರ್ಮೋನು ಕೆಲಸ ಮಾಡುತ್ತೆ. ಆಲ್ಕೋಹಾಲು ಅದನ್ನ ತಡೆಯುತ್ತೆ. ಅದಕ್ಕೇ ಬಿಯರ್ ಕುಡಿದವರು ಪದೇ ಪದೇ ಎದ್ದು ಹೋಗೋದು. ಬೆಳಗಿಂದ ಬೆವರು ಸುರಿಸಿ ಮೊದಲೇ ನೀರು ಕಳ್ಕೊಂಡಿರೋ ಮೈಗೆ ಇದು ಇರೋ ನೀರನ್ನೂ ಹೊರಗೆ ಹಾಕೋ ಕೆಲಸ. ಬೆಳಗ್ಗೆ ಬಾಯಿ ಒಣಗಿ ತಲೆ ಸಿಡಿಯೋದಕ್ಕೆ ಇದೂ ಒಂದು ಕಾರಣ. ಒಣಗಿದ ಪಾತಿಯ ಬದು ಒಡೆದು ನೀರು ಬಿಡ್ತೀನಿ ಅನ್ನೋನನ್ನ ನಾವು ಬೇಸಾಯಗಾರ ಅಂತೀವಾ?

ಕಿಡ್ನಿ ಕಲ್ಲಿನ ಕತೆ ಇನ್ನೊಂದು. "ಕಲ್ಲು ಕರಗ್ತದೆ, ದಿನಾ ಒಂದು ಬಿಯರ್ ಕುಡಿ" ಅಂತ ಹೇಳೋರು ಪ್ರತಿ ಊರಲ್ಲೂ ಇದ್ದಾರೆ. ಬಿಯರು ಕಲ್ಲು ಕರಗಿಸಲ್ಲ. ಯೂರಿಕ್ ಆಸಿಡ್ ಜಾಸ್ತಿ ಮಾಡಿ ಒಂದು ಜಾತಿ ಕಲ್ಲಿಗೆ ದಾರಿಯನ್ನೂ ಮಾಡಿಕೊಡುತ್ತೆ. ಕಲ್ಲಿನ ತೊಂದರೆ ಇರೋರಿಗೆ ವೈದ್ಯರು ಹೇಳೋದು ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗೋ ಅಷ್ಟು ನೀರು ಕುಡೀರಿ ಅಂತ. ನಿಂಬೆಹಣ್ಣಿನ ಸಿಟ್ರೇಟೂ ಕೆಲವು ಕಲ್ಲು ಕಟ್ಟೋದನ್ನ ತಡೆಯುತ್ತೆ. ಬೇಲಿ ಪಕ್ಕದ ನಿಂಬೆ ಗಿಡ ಬಿಟ್ಟು ಬಾರಿನವರೆಗೂ ಹೋಗಬೇಕಾ?

"ಲಿಮಿಟ್ಟಲ್ಲಿ ಕುಡುದ್ರೆ ಒಳ್ಳೇದು" ಅನ್ನೋರಿಗೆ ಒಂದೇ ಮಾತು. ಆರೋಗ್ಯಕ್ಕೆ ಸುರಕ್ಷಿತ ಅನ್ನೋ ಮಟ್ಟದ ಆಲ್ಕೋಹಾಲು ಇಲ್ಲವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕಮ್ಮಿ ಕುಡಿದಷ್ಟೂ ಅಪಾಯ ಕಮ್ಮಿ, ಅಷ್ಟೇ.

ಸರಿ, ಬಿಯರ್ ಬದಲು ಏನು ಕುಡಿಯೋದು? ಇಲ್ಲಿ ಬಹಳ ಜನ ಎಡವುತ್ತಾರೆ. ಬಿಯರ್ ಬಿಟ್ಟು ಕೋಲಾ ಹಿಡೀತಾರೆ. ಬಹಳಷ್ಟು ಕೋಲಾಗಳಲ್ಲಿ 100 ಮಿ.ಲೀ.ಗೆ ಸುಮಾರು 10 ಗ್ರಾಂ ಸಕ್ಕರೆ. ಅರ್ಧ ಲೀಟರ್ ಖಾಲಿ ಮಾಡಿದರೆ 50 ಗ್ರಾಂ. ಕೆಲವರು ಎನರ್ಜಿ ಡ್ರಿಂಕ್ ಹಿಡೀತಾರೆ, ಸಕ್ಕರೆ ಜೊತೆ ಕೆಫೀನು, ರಾತ್ರಿ ನಿದ್ದೆ ಇಲ್ಲ. ನಿದ್ದೆ ಬರಲಿಲ್ಲ ಅಂತ ಮತ್ತೆ ಬಾಟ್ಲಿ. ನಮ್ಮ ಕಬ್ಬಿನ ಹಾಲೂ ಸಾಚಾ ಅಲ್ಲ, ಒಂದು ಲೋಟದಲ್ಲಿ 30 ಗ್ರಾಂ ಆಸುಪಾಸು ಸಕ್ಕರೆ. ಅಪರೂಪಕ್ಕೆ ಕುಡೀರಿ, ಶುಗರ್ ಇರೋರು ಬೇಡ. ಮಂಡ್ಯದವನಾಗಿ ಕಬ್ಬಿನ ಮೇಲೆ ಹೀಗೆ ಬರೀತೀಯ ಅಂದರೂ ಪರವಾಗಿಲ್ಲ.

ಬಿಯರ್ ಬೇಕು ಅನ್ನಿಸಿದಾಗ ನಿಜವಾಗಿ ಬೇಕಾಗಿರೋದು ಏನು ಅಂತ ಯೋಚನೆ ಮಾಡಿ. ತಣ್ಣಗಿರಬೇಕು. ನಾಲಿಗೆಗೆ ಹುಳಿಯೋ ಒಗರೋ ತಾಗಬೇಕು. ಗಂಟಲಿಗೆ ಚುರುಕ್ ಅನ್ನಬೇಕು. ಕೈಯಲ್ಲಿ ಒಂದು ಲೋಟ ಇರಬೇಕು, ಪಕ್ಕದಲ್ಲಿ ನಾಲ್ಕು ಜನ ಮಾತಿಗೆ ಇರಬೇಕು. ಇಷ್ಟಕ್ಕೂ ನಮ್ಮ ಮನೇಲೇ ಉತ್ತರ ಇದೆ.

ಹುಳಿ ಬೇಕಾ? ರಾಗಿ ಅಂಬಲಿ ಇದೆ. ನಾಲ್ಕು ಚಮಚ ರಾಗಿ ಹಿಟ್ಟು ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕಲಸಿ, ಒಂದು ಲೀಟರ್ ಕುದಿಯೋ ನೀರಿಗೆ ಹಾಕಿ ಬೇಯಿಸಿ, ಆರಿಸಿ, ರಾತ್ರಿ ಮಡಕೇಲಿಡಿ. ಬೆಳಗ್ಗೆಗೆ ಹದವಾಗಿ ಹುಳಿ ಬಂದಿರುತ್ತೆ. ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಹಾಕಿ. 100 ಗ್ರಾಂ ರಾಗಿಯಲ್ಲಿ 300 ಮಿ.ಗ್ರಾಂ.ಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಹೊಟ್ಟೇನೂ ತುಂಬುತ್ತೆ.

ಚುರುಕು ಬೇಕಾ? ನಿಂಬೆ ಸೋಡ. ಸಕ್ಕರೆ ಹಾಕಬೇಡಿ. ಅರ್ಧ ಹೋಳು ನಿಂಬೆ, ಚಿಟಿಕೆ ಉಪ್ಪು, ಹುರಿದು ಪುಡಿ ಮಾಡಿದ ಜೀರಿಗೆ, ಜಜ್ಜಿದ ಶುಂಠಿ. ಬಿ.ಪಿ. ಇರೋರು ಉಪ್ಪು ಬಿಡಿ. ಒಗರು, ಘಮ ಬೇಕು ಅನ್ನೋರು ಲಾವಂಚದ ಬೇರು ತೊಳೆದು ರಾತ್ರಿ ಮಡಕೆ ನೀರಿಗೆ ಹಾಕಿಡಿ.

ದಣಿವಾಗಿದೆಯಾ? ಎಳನೀರು. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಮ್ಮಿ. ಬೆವರಲ್ಲಿ ಹೋಗೋದು ಮುಖ್ಯವಾಗಿ ಸೋಡಿಯಂ, ಅಂದರೆ ಉಪ್ಪು. ಅದಕ್ಕೆ ಎಳನೀರಿನ ಜೊತೆ ಉಪ್ಪಿರೋ ಏನಾದರೂ ತಿನ್ನಿ, ಇಲ್ಲ ಮಧ್ಯಾಹ್ನ ಉಪ್ಪಿನ ಮಜ್ಜಿಗೆ ಕುಡೀರಿ. ಕಿಡ್ನಿ ಕಾಯಿಲೆ ಇರೋರು ಮಾತ್ರ ವೈದ್ಯರನ್ನ ಕೇಳದೆ ಎಳನೀರು ಕುಡಿಯಬೇಡಿ, ಪೊಟ್ಯಾಸಿಯಂ ಅವರಿಗೆ ಅಪಾಯ.

ನೀರಾ ಬಗ್ಗೇನೂ ಕೇಳ್ತಾರೆ. ಇಳಿಸಿದ ತಕ್ಷಣ ತಣ್ಣಗಿಟ್ಟಿದ್ದರೆ ಒಳ್ಳೇ ಪಾನೀಯವೇ. ಆದರೆ ನಮ್ಮ ಬಿಸಿಲಲ್ಲಿ ಕೆಲವೇ ಗಂಟೆಯಲ್ಲಿ ಹುಳಿ ಹಿಡಿದು ಹೆಂಡ ಆಗುತ್ತೆ. ಅದಕ್ಕೆ ಇಳಿಸೋಕೂ ಮಾರೋಕೂ ಅನುಮತಿ ಬೇಕು. ಕುಡಿತ ಬಿಡೋಕೆ ಹೊರಟವನು ಮಧ್ಯಾಹ್ನದ ನೀರಾ ನಂಬಿಕೊಂಡರೆ ತಿರುಗಿ ಅಲ್ಲಿಗೇ ಬಂದ ಹಾಗೆ.

ಇದೆಲ್ಲ ಹೊಸ ವಿದ್ಯೆ ಅಲ್ಲ. ರಾಮನವಮಿ ದಿನ ಬೀದಿ ಬೀದೀಲಿ ಪಾನಕ, ನೀರುಮಜ್ಜಿಗೆ, ಕೋಸಂಬರಿ ಯಾಕೆ ಹಂಚ್ತೀವಿ? ಬಿಸಿಲು ಏರೋ ಕಾಲಕ್ಕೆ ಏನು ಕುಡೀಬೇಕು ಅಂತ ಹಿರಿಯರು ಹಬ್ಬದಲ್ಲೇ ತೋರಿಸಿಕೊಟ್ಟಿದ್ದಾರೆ. ನಾವು ಅದನ್ನ ವರ್ಷಕ್ಕೊಂದು ದಿನ ಪ್ರಸಾದ ಅಂತ ಕಣ್ಣಿಗೊತ್ತಿಕೊಂಡು, ಮಿಕ್ಕ ದಿನ ಬಾಟ್ಲಿ ಓಪನ್ ಮಾಡ್ತೀವಿ.

ಆದರೆ ಲೋಟ ಬದಲಾಯಿಸಿದರೆ ಸಾಲದು, ಹೊತ್ತೂ ಬದಲಾಗಬೇಕು. ಎಣ್ಣೆ ನೆನಪಾಗೋದು ಸಂಜೆ ಆರರಿಂದ ಎಂಟರೊಳಗೆ, ಹೊಟ್ಟೆ ಹಸಿದಾಗ. ಏಳಕ್ಕೇ ಮುದ್ದೆ ಉಂಡುಬಿಡಿ. ಹೊಟ್ಟೆ ತುಂಬಿದವನಿಗೆ ಬಾಟ್ಲಿ ಆಸೆ ಅರ್ಧ ಹೋಗಿರುತ್ತೆ. ಜೊತೆ ಬೇಕು ಅಂದರೆ ಜಗಲಿ ಮೇಲೆ ಸೇರಿ. ಹುರಿದ ಕಡ್ಲೆಕಾಯಿ, ಹುರುಳಿಕಾಳು ಉಸ್ಲಿ ಇಟ್ಕೊಂಡು ನಿಂಬೆ ಸೋಡ ಕುಡೀರಿ. ಮಾತಿಗೆ ಅಮಲು ಬೇಕಿಲ್ಲ.

ಈಗ ನನ್ನ ನಿಜವಾದ ಸಿಟ್ಟಿಗೆ ಬರ್ತೀನಿ. ಕೂಲಿ ಜೊತೆ ಬಾಟ್ಲಿ ಕೊಡೋ ಪದ್ಧತಿ.

ಕಬ್ಬು ಕಡಿಯೋಕೆ ಬಾಟ್ಲಿ, ಕಾಯಿ ಕೀಳೋಕೆ ಬಾಟ್ಲಿ, ಲೋಡು ಮಾಡೋಕೆ ಬಾಟ್ಲಿ. ಕಮ್ಮಿ ಮಾಡಬೇಕು ಅಂತ ಮನಸ್ಸು ಮಾಡಿರೋ ಮನುಷ್ಯನ ಕೈಗೆ ನಾವೇ ಬಾಟ್ಲಿ ಇಟ್ಟು, ಆಮೇಲೆ "ಈ ಜನ ಕುಡುದೇ ಹಾಳಾಗೋಗ್ತವ್ರೆ" ಅಂತ ಕಟ್ಟೆ ಮೇಲೆ ಕೂತು ಮಾತಾಡ್ತೀವಿ. ಕೈಯಲ್ಲಿ ಮಚ್ಚು ಇರುತ್ತೆ, ಮರ ಹತ್ತೋ ಕೆಲಸ ಇರುತ್ತೆ. ಬಿದ್ದರೆ, ಕಾಲಿಗೆ ಏಟಾದರೆ ಆ ಮನೆ ಕತೆ ಏನು? ಔಷಧಿ ಹೊಡೆಯೋರಿಗೆ ಇನ್ನೂ ಅಪಾಯ. ತಲೆಸುತ್ತು, ವಾಂತಿ ಬಂದರೆ ಅದು ವಿಷ ಏರಿರೋದಾ, ಅಮಲಾ ಅಂತ ಗೊತ್ತಾಗಲ್ಲ. "ಕುಡಿದವ್ನೆ, ಮಲಗ್ಲಿ ಬಿಡು" ಅಂತ ಬಿಟ್ಟರೆ ಆಸ್ಪತ್ರೆಗೆ ಹೋಗೋ ಹೊತ್ತು ಮೀರುತ್ತೆ.

ಇನ್ನೊಂದು ವಿಷಯ ಯಾರೂ ಆಡಲ್ಲ. ಗಂಡಾಳಿಗೆ ಕೂಲಿ ಜೊತೆ ಬಾಟ್ಲಿ. ಅದೇ ಗದ್ದೇಲಿ ಸೊಂಟ ಬಗ್ಗಿಸಿ ದುಡಿದ ಹೆಣ್ಣಾಳಿಗೆ? ಕೂಲಿನೂ ಕಮ್ಮಿ, ಮೇಲೆ ಏನೂ ಇಲ್ಲ. ಮನೆಗೆ ಹೋದ ಮೇಲೆ ಆ ಬಾಟ್ಲಿಯ ಫಲ ಅನುಭವಿಸೋದೂ ಅವಳೇ.

"ಬಾಟ್ಲಿ ಕೊಡ್ಲಿಲ್ಲ ಅಂದ್ರೆ ಆಳು ಬರಲ್ಲ ಕನಣ್ಣ" ಅಂತೀರಿ. ನಮ್ಮ ಗದ್ದೇಲಿ ಬಾಟ್ಲಿ ಇಲ್ಲ. ಕೆಲಸ ಒಪ್ಪಿಸೋ ಮುಂಚೇನೇ ಮೇಸ್ತ್ರಿಗೆ ಹೇಳ್ತೀನಿ: ಬಾಟ್ಲಿ ದುಡ್ಡನ್ನ ಕೂಲಿಗೆ ಸೇರಿಸಿ ಕೊಡ್ತೀನಿ, ಗಂಡಾಳಿಗೂ ಹೆಣ್ಣಾಳಿಗೂ ಒಂದೇ ಲೆಕ್ಕ. ಹತ್ತು ಗಂಟೆಗೆ ಅಂಬಲಿ, ಮಧ್ಯಾಹ್ನ ಮಜ್ಜಿಗೆ, ಸಂಜೆ ತಲೆಗೊಂದು ಎಳನೀರು. ಒಬ್ಬಿಬ್ಬರು ಗೊಣಗ್ತಾರೆ. ಆಳು ಬರದೆ ಗದ್ದೆ ನಿಂತಿಲ್ಲ.

ಹತ್ತು ಜನಕ್ಕೆ ಮಜ್ಜಿಗೆ ಲೆಕ್ಕ ಹೇಳ್ತೀನಿ, ಬರ್ಕೊಳ್ಳಿ. ಎರಡು ಲೀಟರ್ ಮೊಸರು, ಆರು ಲೀಟರ್ ನೀರು, ನಾಲ್ಕು ಟೀ ಚಮಚ ಉಪ್ಪು, ಶುಂಠಿ, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ, ಚಿಟಿಕೆ ಇಂಗು. ಕಡೆದು ಮಣ್ಣಿನ ಗುಡಾಣಕ್ಕೆ ಹಾಕಿ, ಒದ್ದೆ ಗೋಣಿ ಸುತ್ತಿ ಮರದ ನೆರಳಲ್ಲಿಡಿ. ಬೆಳಗ್ಗೆ ಸಂಜೆ ಹಾಲೆಲ್ಲ ಡೇರಿಗೆ ಹಾಕಿ ಮನೇಲಿ ಮಜ್ಜಿಗೆಗೇ ಗತಿಯಿಲ್ಲ ಅನ್ನೋ ಹಾಗೆ ಮಾಡ್ಕೊಂಡಿದ್ದೀವಿ. ಕಟಾವಿನ ದಿನವಾದರೂ ಎರಡು ಲೀಟರ್ ಉಳಿಸಿ.

ದುಡ್ಡಿನ ಲೆಕ್ಕಾನೂ ಆಗಲಿ. ಒಂದು ಬಾಟ್ಲಿಗೆ 170 ರೂಪಾಯಿ ಅಂತ ಇಟ್ಕೊಳ್ಳಿ. ದಿನಕ್ಕೊಂದು ಅಂದರೆ ತಿಂಗಳಿಗೆ 5,100, ವರ್ಷಕ್ಕೆ 62,050. ಮಾತೆತ್ತಿದರೆ ಗೊಬ್ಬರದ ರೇಟು ಜಾಸ್ತಿ ಆಯ್ತು ಅಂತೀವಿ. ಆ ಮಾತು ನಿಜಾನೇ. ಈ ಅರವತ್ತೆರಡು ಸಾವಿರದ ಮಾತು ಮಾತ್ರ ಯಾರ ಬಾಯಲ್ಲೂ ಬರಲ್ಲ.

"ಎಲ್ಲಾ ಸರ್ಕಾರ ಬಂದ್ ಮಾಡ್ಲಿ, ಬಿಡ್ತೀವಿ" ಅನ್ನೋರಿಗೆ ಒಂದು ನೆನಪು. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ಬಂದ್ ಆಯ್ತು. ಸಾರಾಯಿ ಪ್ಯಾಕೆಟ್ಟು ಹೋಯ್ತು, ಅಗ್ಗದ ವಿಸ್ಕಿ ಪ್ಯಾಕೆಟ್ಟು ಬಂತು. ಅಂಗಡಿ ಬದಲಾದರೂ ಅಭ್ಯಾಸ ಬದಲಾಗಲಿಲ್ಲ.

ಕೊನೇದಾಗಿ ಒಂದು ಎಚ್ಚರಿಕೆ, ಇದನ್ನ ತಮಾಷೆ ಮಾಡಬೇಡಿ. ವಾರಕ್ಕೊಂದೆರಡು ಬಾಟ್ಲಿಯವರು ಮೇಲಿನದ್ದನ್ನ ಇವತ್ತೇ ಶುರು ಮಾಡಬಹುದು. ಆದರೆ ದಿನಾ ಜಾಸ್ತಿ ಕುಡಿಯೋರು, ಬೆಳಗ್ಗೆ ಎದ್ದರೆ ಕೈ ನಡುಗೋರು, ಕುಡಿದರೇ ನಡುಕ ನಿಲ್ಲೋರು, ಇವರು ಹಠ ಮಾಡಿ ಒಂದೇ ಸಲ ನಿಲ್ಲಿಸಬಾರದು. ನಿಲ್ಲಿಸಿದ ಒಂದೆರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು, ಜೀವಕ್ಕೇ ಅಪಾಯ ಆಗಬಹುದು. ಅಂಥವರನ್ನ ದೇವಸ್ಥಾನಕ್ಕೆ ಕರ್ಕೊಂಡು ಹೋಗಿ ಆಣೆ ಮಾಡಿಸೋ ಮುಂಚೆ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಮಂಡ್ಯದ ಮಿಮ್ಸ್ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ ಬೇರೆ ವಿಭಾಗ ಇದೆ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಮಜ್ಜಿಗೆ ಒಳ್ಳೇದು, ಆದರೆ ಮಜ್ಜಿಗೆ ಔಷಧಿ ಅಲ್ಲ.

ಮಿಕ್ಕವರಿಗೆ ನನ್ನ ಬೇಡಿಕೆ ಇಷ್ಟೇ. ಮುಂದಿನ ಸಲ ಎಳನೀರು ಇಳಿಸೋ ದಿನ ಲಾರಿಗೆ ಎಣಿಸೋ ಮುಂಚೆ ಎರಡು ಗೊನೆ ಪಕ್ಕಕ್ಕೆ ತೆಗೆದಿಡಿ. ಒಂದು ಮನೆಯವರಿಗೆ, ಇನ್ನೊಂದು ಮರ ಹತ್ತಿದವರಿಗೆ, ಹೊತ್ತು ತಂದವರಿಗೆ. ಉಳಿದಿದ್ದು ದೆಹಲಿಗೆ ಹೋಗಲಿ.