ಪಣವಿಲ್ಲದ ಆಟ

ಕಳೆದ ತಿಂಗಳು ನಮ್ಮ ಮನೆಯ ಅಟ್ಟದಿಂದ ಒಂದು ಹಳೆಯ ಟೆಲಿವಿಷನ್ ಪೆಟ್ಟಿಗೆಯನ್ನು ಕೆಳಗಿಳಿಸಬೇಕಾಗಿ ಬಂದಿತು. ಹಿಂಭಾಗವು ಗೂನಿನಂತೆ ಉಬ್ಬಿ, ಇಬ್ಬರು ಹಿಡಿದರೂ ಏದುಸಿರು ಬರಿಸುವ, ಗಾಜಿನ ಕೊಳವೆಯ ಕಾಲದ ಪೆಟ್ಟಿಗೆ ಅದು. ಸಿದ್ಧಾರ್ಥನಗರದ ನಮ್ಮ ಬೀದಿಯಲ್ಲಿ ಅದರ ಸರೀಕರೆಲ್ಲ ಗುಜರಿಯವನ ಗಾಡಿಯನ್ನೇರಿ ಬಹಳ ವರ್ಷಗಳಾದುವು. ಕೆಲಸ ಮಾಡುವ ವಸ್ತುವನ್ನು ಬಿಸಾಡಲು ಮನಸ್ಸು ಬಾರದ ನಮ್ಮ ಸ್ವಭಾವದಿಂದ ನಮ್ಮದೊಂದು ಉಳಿದಿತ್ತು. ಈ ಸ್ವಭಾವವನ್ನು ಕುರಿತು ನಮ್ಮ ಮನೆಯವರು ಇದುವರೆಗೆ ಆಡಿದ್ದ ಮಾತುಗಳನ್ನು ಆ ದಿನ ಹಿಂದಕ್ಕೆ ತೆಗೆದುಕೊಳ್ಳಲಿಲ್ಲವಾದರೂ, ಧೂಳೊರಸುವ ಬಟ್ಟೆಯನ್ನು ಮಾತ್ರ ತಾವೇ ತಂದುಕೊಟ್ಟರು.

ಪೆಟ್ಟಿಗೆಯು ಬೇಕಾದದ್ದು ಒಂದು ಆಟಿಕೆಗಾಗಿ. ಅಮೆರಿಕಾದಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗನು ರಜೆಗೆ ಬರುವಾಗ, ಅಲ್ಲಿ ಯಾರದೋ ಮನೆಯಂಗಳದಲ್ಲಿ ನಡೆದ ಹಳೆಯ ಸಾಮಾನಿನ ಮಾರಾಟದಲ್ಲಿ ಕೊಂಡ ಈ ವಸ್ತುವನ್ನು ತನ್ನ ಆರು ವರ್ಷದ ಮಗಳಿಗೋಸ್ಕರ ತಂದಿದ್ದನು. ನೋಡುವುದಕ್ಕೆ ಒಂದು ಪೀಠ. ಅದರ ಮೇಲೆ ಗುಂಡು ತಲೆಯ ಒಂದು ಹಿಡಿಕೆ, ಪಕ್ಕದಲ್ಲಿ ಒತ್ತುವ ಗುಂಡಿಗಳು. ಬಾಲದಂತೆ ಹೊರಟ ತಂತಿಯ ತುದಿ ಎರಡಾಗಿ ಸೀಳಿ, ಹಳದಿಯದು ಚಿತ್ರಕ್ಕೂ ಬಿಳಿಯದು ಧ್ವನಿಗೂ ಆಗುತ್ತದೆ. ಹೊಟ್ಟೆಯೊಳಗೆ ನಾಲ್ಕು ಸೆಲ್ಲು. ಇಷ್ಟೇ ಯಂತ್ರ, ಬೇರೆ ಪೆಟ್ಟಿಗೆಯಿಲ್ಲ, ಕ್ಯಾಸೆಟ್ಟಿಲ್ಲ. ಜಾಕ್ಸ್ ಪೆಸಿಫಿಕ್ ಎಂಬ ಅಮೆರಿಕಾದ ಆಟಿಕೆಯ ಕಂಪನಿಯು 2003ರಲ್ಲಿ ಇದನ್ನು ಮಾರಾಟಕ್ಕೆ ತಂದಿತು. ಜಪಾನಿನ ನಾಮ್ಕೋ ಕಂಪನಿಯವರು 1979ರಿಂದ 1982ರವರೆಗೆ ಅಂಗಡಿಗಳ ನಾಣ್ಯದ ಯಂತ್ರಗಳಿಗಾಗಿ ರಚಿಸಿದ ಐದು ಆಟಗಳು ಇದರೊಳಗಿವೆ: ಗ್ಯಾಲಾಕ್ಸಿಯನ್, ಪ್ಯಾಕ್‌ಮ್ಯಾನ್, ರ‍್ಯಾಲಿ ಎಕ್ಸ್, ಬೋಸ್ಕೋನಿಯನ್, ಡಿಗ್ ಡಗ್. ಆಳೆತ್ತರದ ಯಂತ್ರಗಳು ಅಂಗೈಯಗಲದ ಪೀಠದೊಳಗೆ ಅಡಗಿ ಕುಳಿತಿವೆ.

ಗೋಡೆಗೆ ತೂಗುಹಾಕಿರುವ ನಮ್ಮ ಹೊಸ ಟೆಲಿವಿಷನ್ನಿನಲ್ಲಿ ಹಳದಿ ತಂತಿಯನ್ನು ಸಿಕ್ಕಿಸುವ ರಂಧ್ರವೇ ಇಲ್ಲ. ನಡುವೆ ಇಡತಕ್ಕ ಪರಿವರ್ತಕವು ಅಂಗಡಿಯಲ್ಲಿ ಸಿಕ್ಕುತ್ತದೆ. ಆದರೆ ಅಷ್ಟರಿಂದಲೇ ತೊಂದರೆಯು ತೀರುವುದಿಲ್ಲ. ಹೊಸ ಮಾದರಿಯ ಪಟಗಳು ಒಳಗೆ ಬಂದ ಚಿತ್ರವನ್ನು ತಿದ್ದಿ ತೀಡಿ ಆಮೇಲೆ ತೋರಿಸುವುವಾದುದರಿಂದ, ಕೈಯಾಡಿದ್ದಕ್ಕೂ ಕಣ್ಣು ಕಂಡದ್ದಕ್ಕೂ ನಡುವೆ ಕ್ಷಣದ ಒಂದಂಶದಷ್ಟು ಅಂತರ ಬೀಳುತ್ತದೆ. ವಾರ್ತೆಯನ್ನು ನೋಡುವವರಿಗೆ ಇದು ತಿಳಿಯುವುದೇ ಇಲ್ಲ. ದೆವ್ವವು ಬೆನ್ನಟ್ಟಿರುವವರಿಗೆ ಮಾತ್ರ ಪ್ರಾಣಕ್ಕೆ ಬರುವುದು. ಹೊಸ ಪೆಟ್ಟಿಗೆಯುಳ್ಳ ವಾಚಕರು ಅದರ ವ್ಯವಸ್ಥೆಗಳಲ್ಲಿ ‘ಗೇಮ್ ಮೋಡ್’ ಎಂಬುದನ್ನು ಹುಡುಕಿ ಒತ್ತಿಕೊಂಡರೆ ಈ ಅಂತರವು ಬಹುಮಟ್ಟಿಗೆ ಕಡಿಮೆಯಾಗುವುದು. ಗಾಜಿನ ಕೊಳವೆಯ ಪೆಟ್ಟಿಗೆಗೆ ಈ ರೋಗವಿಲ್ಲ. ಅಮೆರಿಕಾದ ಬಣ್ಣದ ಪದ್ಧತಿ ಬೇರೆ, ನಮ್ಮ ದೇಶದ್ದು ಬೇರೆ. ಕೆಲವು ಹಳೆಯ ಪೆಟ್ಟಿಗೆಗಳಲ್ಲಿ ಅಲ್ಲಿಯ ಆಟಿಕೆಯು ಬರಿಯ ಕಪ್ಪು ಬಿಳುಪಾಗಿ ಕಾಣುವುದೂ ಉಂಟು. ನಮ್ಮದು ಎರಡನ್ನೂ ಬಲ್ಲದ್ದಾಗಿತ್ತು. ಗುಂಡಿಯನ್ನೊತ್ತಿದೊಡನೆ ಹಳದಿ ಬಣ್ಣದ ಮುಖವೊಂದು ಬಾಯಿ ತೆರೆದು ಮುಚ್ಚುತ್ತಾ ಪ್ರತ್ಯಕ್ಷವಾಯಿತು.

“ಇದೇನು, ಯಾರೋ ಒಂದು ಚೂರು ಮುರಿದುಕೊಂಡ ದೋಸೆ!” ಎಂದರು ಮನೆಯವರು. ಅವರ ಊಹೆ ಬಹಳ ದೂರ ಹೋಗಿರಲಿಲ್ಲ. ಇದನ್ನು ಕಲ್ಪಿಸಿದ ತೋರು ಇವಾಟಾನಿ ಎಂಬ ಜಪಾನೀಯನು ಒಂದು ತುಂಡು ತೆಗೆದ ಪಿಜ್ಜಾದಿಂದ ಈ ಆಕಾರವು ಹೊಳೆಯಿತೆಂದು ಹೇಳಿಕೊಂಡಿದ್ದಾನೆ. 1980ರಲ್ಲಿ ಈ ಆಟವು ಹೊರಬಂದಾಗ ಅವನಿಗೆ ಇಪ್ಪತ್ತೈದು ವಯಸ್ಸು. ಅಂದಿನ ಯಂತ್ರಗಳಲ್ಲಿ ಸುಡುವುದು, ಕೊಲ್ಲುವುದು ಇವೇ ಹೆಚ್ಚಾಗಿದ್ದುದರಿಂದ ಹೆಣ್ಣುಮಕ್ಕಳು ಆ ಅಂಗಡಿಗಳ ಕಡೆಗೆ ಸುಳಿಯುತ್ತಿರಲಿಲ್ಲವೆಂದೂ, ತಿನ್ನುವ ಆಟವೊಂದನ್ನು ಮಾಡಿದರೆ ಅವರೂ ಬಂದಾರೆಂದೂ ಅವನು ಯೋಚಿಸಿದನಂತೆ. ನಮ್ಮ ಮನೆಯ ಮಟ್ಟಿಗೆ ಅವನ ಯೋಚನೆ ಫಲಿಸಿತು. ಮೂರನೆಯ ದಿನದಿಂದ ಮನೆಯವರೂ ಹಿಡಿಕೆಗೆ ಕೈಯಿಟ್ಟರು.

ಆಟದ ಕ್ರಮವು ಸರಳವಾದುದು. ಒಂದು ಚಕ್ರವ್ಯೂಹ, ಅದರ ಓಣಿಗಳಲ್ಲಿ 240 ಸಣ್ಣ ಚುಕ್ಕೆಗಳು, ಮೂಲೆಗಳ ಬಳಿ 4 ದೊಡ್ಡವು. ಎಲ್ಲವನ್ನೂ ತಿಂದು ಮುಗಿಸಬೇಕು. ನಾಲ್ಕು ದೆವ್ವಗಳ ಕೈಗೆ ಸಿಕ್ಕಬಾರದು. ದೊಡ್ಡ ಚುಕ್ಕೆಯನ್ನು ನುಂಗಿದರೆ ಸ್ವಲ್ಪ ಹೊತ್ತು ದೆವ್ವಗಳೇ ನೀಲಿಗಟ್ಟಿ ಓಡುವುವು. ಆಗ ಅವುಗಳನ್ನು ತಿನ್ನಬಹುದು. ನಾವು ಮೊದಲಲ್ಲಿ ನಾಲ್ಕೂ ಒಂದೇ ಜಾತಿಯೆಂದು ಬಗೆದಿದ್ದೆವು. ಹಾಗಲ್ಲವೆಂದು ಮೊದಲು ಕಂಡುಕೊಂಡವಳು ಮೊಮ್ಮಗಳು. “ತಾತ, ಕೆಂಪಿನದು ಹಿಂದೆಯೇ ಬರುತ್ತೆ. ಗುಲಾಬಿಯದು ಮುಂದೆ ಬಂದು ಕಾಯುತ್ತೆ” ಎಂದಳು. ನಿಜವೇ ಸರಿ. ಕೆಂಪಿನದು ನಾವಿರುವ ಸ್ಥಳಕ್ಕೆ ನೆಟ್ಟಗೆ ಬರುವುದು. ಗುಲಾಬಿಯದು ನಮ್ಮ ಮುಖವಿರುವ ದಿಕ್ಕಿನಲ್ಲಿ ನಾಲ್ಕು ಹೆಜ್ಜೆ ಮುಂದಕ್ಕೆ ಗುರಿಯಿಡುವುದು. ನೀಲಿಯದು ಕೆಂಪಿನದು ಎಲ್ಲಿದೆಯೆಂದು ನೋಡಿಕೊಂಡು ತನ್ನ ದಾರಿಯನ್ನು ನಿರ್ಣಯಿಸುವುದು. ಕಿತ್ತಳೆಯದು ಶೂರನಂತೆ ಬರುಬರುತ್ತಾ ತೀರ ಹತ್ತಿರವಾದೊಡನೆ ತನ್ನ ಮೂಲೆಗೆ ಹಿಂದಿರುಗುವುದು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತರಗತಿಯ ಮುಂದೆ ನಿಂತಿದ್ದ ನಮಗೆ ಈ ನಾಲ್ವರೂ ಬಹಳ ಪರಿಚಿತರು. ಮೂರನೆಯವನು ಪಕ್ಕದವನ ಪಾಟಿಯನ್ನು ನೋಡಿ ಲೆಕ್ಕ ಮಾಡುವವನು.

ಇದಕ್ಕಿಂತಲೂ ನಮಗೆ ಹೆಚ್ಚು ರುಚಿಸಿದ ಸಂಗತಿಯೊಂದುಂಟು. ಅಂಗಡಿಯ ಮೂಲಯಂತ್ರದಲ್ಲಿ ದೆವ್ವಗಳ ನಡೆಗೆ ಅದೃಷ್ಟದ ಸೋಂಕಿಲ್ಲ. ಆಡುವವನು ನಿನ್ನೆ ನಡೆದಂತೆಯೇ ಇಂದೂ ನಡೆದರೆ ಅವೂ ನಿನ್ನೆಯಂತೆಯೇ ನಡೆಯುವುವು. ಆದುದರಿಂದ ಚತುರರು ಇಡೀ ಚಕ್ರವ್ಯೂಹಕ್ಕೆ ಒಂದು ದಾರಿಯನ್ನು ಕಟ್ಟಿ, ಬಾಯಿಪಾಠ ಮಾಡಿ, ಪ್ರಮಾದವಿಲ್ಲದೆ ನಡೆದು ಮುಗಿಸುತ್ತಿದ್ದರು. ಇದನ್ನು ಕೇಳಿದೊಡನೆ ನಮಗೆ ತುರಗಪದಬಂಧವು ನೆನಪಾಯಿತು. ಚದುರಂಗದ ಕುದುರೆಯ ನಡೆಯಿಂದ ಮನೆಗಳನ್ನೆಲ್ಲ ಒಂದೊಂದೇ ಬಾರಿ ಮುಟ್ಟುವ ದಾರಿಯನ್ನು ಶ್ಲೋಕದ ಅಕ್ಷರಗಳಲ್ಲಿ ಹುದುಗಿಸುವ ಚಿತ್ರಕಾವ್ಯವದು. ಒಂಬತ್ತನೆಯ ಶತಮಾನದ ರುದ್ರಟನ ಕಾವ್ಯಾಲಂಕಾರದಲ್ಲಿಯೂ, ವೇದಾಂತದೇಶಿಕರ ಪಾದುಕಾಸಹಸ್ರದಲ್ಲಿಯೂ ಇದೆ. ಅಷ್ಟೇ ಏಕೆ, ನಮ್ಮ ಊರಿನಲ್ಲಿಯೇ ಮುಮ್ಮಡಿ ಕೃಷ್ಣರಾಜ ಒಡೆಯರು ಅರುವತ್ತನಾಲ್ಕು ಮನೆಗಳಿಗೂ ಕುದುರೆಯನ್ನು ನಡೆಸುವ ದಾರಿಗಳನ್ನು ರಚಿಸಿದವರು. 1831ರಲ್ಲಿ ರಾಜ್ಯಭಾರವು ಕೈತಪ್ಪಿದ ಮೇಲೆ 1868ರಲ್ಲಿ ತೀರಿಕೊಳ್ಳುವವರೆಗೂ ಆ ದೊರೆಗೆ ವಿರಾಮವು ಬೇಕಾದಷ್ಟಿತ್ತು. ಅವರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕಡೆಯದಾದ ಕೌತುಕನಿಧಿಯು ಆಟಗಳಿಗೇ ಮೀಸಲು. ಗಂಜೀಫಾ ಎಲೆಗಳಲ್ಲಿ 360 ಎಲೆಗಳ ಕಟ್ಟೊಂದನ್ನೂ ಅವರು ಕಲ್ಪಿಸಿದರು. ಇಂತಹ ಊರಿನಲ್ಲಿ ಜಪಾನಿನ ಚಕ್ರವ್ಯೂಹವೊಂದು ತೀರ ಪರದೇಶಿಯೆನಿಸಬೇಕಾಗಿಲ್ಲ.

ಆಟವು 255 ಮಟ್ಟಗಳವರೆಗೆ ನಡೆದು 256ನೆಯದರಲ್ಲಿ ಕೆಟ್ಟುಹೋಗುವುದೆಂದು ಮಗನು ಹೇಳಿದನು. ಮಟ್ಟವನ್ನೆಣಿಸಲು ಯಂತ್ರದೊಳಗೆ ಇಟ್ಟಿದ್ದುದು ಎಂಟೇ ಸ್ಥಾನಗಳು. ಒಂದೊಂದರಲ್ಲಿಯೂ ಎರಡೇ ವಿಧ. ಅಲ್ಲಿಂದ ಮುಂದಕ್ಕೆ ಎಣಿಕೆ ತಪ್ಪಿ, ಪಟದ ಬಲಗಡೆಯ ಅರ್ಧವೆಲ್ಲ ಕಲಸುಮೇಲೋಗರವಾದ ಅಕ್ಷರಗಳಿಂದ ತುಂಬುವುದಂತೆ. ಅನುಷ್ಟುಪ್ಪಿನ ಒಂದು ಪಾದಕ್ಕೆ ಎಂಟಕ್ಷರ. ಗುರುಲಘುಗಳಿಂದ ಪಿಂಗಳನ ಕ್ರಮದಲ್ಲಿ ಪ್ರಸ್ತಾರ ಹಾಕಿದರೆ ಬರುವುದೂ 256. ಇದನ್ನು ನಾವು ಕಾಗದದ ಮೇಲೆ ಬರೆದು ತೋರಿಸಿದೆವು. ಮಗನು ಬಹಳ ಹೊತ್ತು ಅದನ್ನೇ ನೋಡುತ್ತಿದ್ದನು. ಪಾಠ ಹೇಳುವಾಗ ಅವನು ಹೀಗೆ ಕಿವಿಗೊಟ್ಟು ಕೇಳಿದ್ದನ್ನು ನಾವು ಅವನ ಬಾಲ್ಯದಲ್ಲಿ ಕಂಡದ್ದಿಲ್ಲ.

ಬಾಲ್ಯದ ಮಾತು ಬಂದಿತು. ಇನ್ನು ಮುಚ್ಚುಮರೆಯಿಂದ ಪ್ರಯೋಜನವಿಲ್ಲ.

2000ನೆಯ ಇಸವಿಯಲ್ಲಿ ಈ ಹುಡುಗನಿಗೆ ಒಂಬತ್ತು ವರ್ಷವಾಗಿದ್ದಾಗ, ಅವನ ಸೋದರಮಾವನು ಒಂದು ‘ಟಿ.ವಿ. ಗೇಮ್’ ಪೆಟ್ಟಿಗೆಯನ್ನು ತಂದುಕೊಟ್ಟಿದ್ದನು. ಜಪಾನಿನ ನಿಂಟೆಂಡೊ ಕಂಪನಿಯು 1983ರಲ್ಲಿ ಹೊರಡಿಸಿದ ಯಂತ್ರದ ಅಗ್ಗದ ಅನುಕರಣೆಗಳು ಆಗ ನಮ್ಮ ಪೇಟೆಗಳಲ್ಲೆಲ್ಲ ತುಂಬಿದ್ದುವು. ಈಗ ಅಟ್ಟದಿಂದಿಳಿದ ಇದೇ ಟೆಲಿವಿಷನ್ನಿಗೇ ಅದನ್ನು ತಗುಲಿಸಿಕೊಂಡು ಹುಡುಗನು ಒಂದು ಬೇಸಗೆಯೆಲ್ಲ ಆಡಿದನು. ಮಳೆಗಾಲ ಕಳೆದು ಪರೀಕ್ಷೆಯಲ್ಲಿ ಲೆಕ್ಕದ ಅಂಕಗಳು ಇಳಿದುವು. ನಾವು ಅವನನ್ನು ಕರೆದು ನಿಲ್ಲಿಸಿಕೊಂಡು, ಇದು ದ್ಯೂತವೆಂದೂ, ನಳನೂ ಧರ್ಮರಾಯನೂ ಕೆಟ್ಟದ್ದು ಇಂತಹದರಿಂದಲೇ ಎಂದೂ ಬೋಧಿಸಿ, ಗುಜರಿಯವನನ್ನು ಬಾಗಿಲಿಗೆ ಕರೆದೆವು. ಅವನು ಯಂತ್ರವನ್ನು ತಕ್ಕಡಿಯಲ್ಲಿಟ್ಟು ಹನ್ನೊಂದು ರೂಪಾಯಿ ಕೊಟ್ಟನು. ಆ ಹಣವನ್ನು ಹುಡುಗನ ಮಣ್ಣಿನ ಹುಂಡಿಯಲ್ಲಿಯೇ ಹಾಕಿ, ನ್ಯಾಯವಾಗಿ ನಡೆದುಕೊಂಡೆವೆಂದು ತಿಳಿದೆವು. ಹುಡುಗನು ಅಳಲಿಲ್ಲ. ಗೇಟಿನ ಹತ್ತಿರ ನಿಂತು, ಗಾಡಿಯು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿ ಒಳಗೆ ಬಂದನು.

ಸಂಸ್ಕೃತವನ್ನು ಓದಿದವರು ಅಂದು ಆಡಿದ ಮಾತು ಶಾಸ್ತ್ರಕ್ಕೂ ಸಲ್ಲುವುದಿಲ್ಲ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಅಚೇತನ ವಸ್ತುಗಳಿಂದ ಆಡುವುದಕ್ಕೆ ದ್ಯೂತವೆಂದೂ, ಪ್ರಾಣಿಗಳನ್ನು ಕಾದಿಸಿ ಆಡುವುದಕ್ಕೆ ಸಮಾಹ್ವಯವೆಂದೂ ವಿಭಾಗವಿದೆ. ಎರಡಕ್ಕೂ ಜೀವಾಳವು ಪಣ. ಗೆದ್ದವನ ಕೈಗೆ ಸೋತವನ ವಿತ್ತ ಹೋಗದಿದ್ದರೆ ಧರ್ಮಶಾಸ್ತ್ರಕಾರರಿಗೆ ಅಲ್ಲಿ ಕೆಲಸವೇ ಇಲ್ಲ. ಒಂಬತ್ತು ವರ್ಷದ ಹುಡುಗನು ಚಾಪೆಯ ಮೇಲೆ ಕುಳಿತು ಯಾರ ವಿತ್ತವನ್ನು ಗೆದ್ದನು? ನಾವು ಪದದ ಅರ್ಥವನ್ನು ತಪ್ಪಿದೆವು. ತಪ್ಪಿದ ಅರ್ಥದ ಮೇಲೆ ತೀರ್ಪು ಕೊಟ್ಟೆವು.

ಹಾಗೆಂದು ಈ ಆಟಗಳ ಹುಟ್ಟು ನಿಷ್ಕಳಂಕವಾದುದೆಂದು ಹೇಳಲಾರೆವು. ಅಂಗಡಿಯ ಯಂತ್ರವು ನಾಣ್ಯವನ್ನು ನುಂಗುವುದಕ್ಕಾಗಿಯೇ ಹುಟ್ಟಿದುದು; ಜಪಾನಿನಲ್ಲಿ ನೂರು ಯೆನ್, ಅಮೆರಿಕಾದಲ್ಲಿ ಕಾಲು ಡಾಲರು. ಆಡುವವನು ಬೇಗ ಸತ್ತರೆ ಮುಂದಿನ ನಾಣ್ಯವು ಬೇಗ ಬೀಳುವುದಾದುದರಿಂದ ಆಟಗಳನ್ನು ಕಠಿನವಾಗಿಯೂ ಚಿಕ್ಕದಾಗಿಯೂ ಮಾಡಿದರು. ಮನೆಗೆ ಬಂದ ಮೇಲೆ ನಾಣ್ಯದ ಕಂಡಿ ಇಲ್ಲವಾಯಿತು. ಕಾಠಿನ್ಯವೂ ಚಿಕ್ಕತನವೂ ಉಳಿದುವು. ವ್ಯಾಪಾರಿಯ ಆಸೆಯಿಂದ ಬಂದ ಗುಣವು ಹೀಗೆ ಗೃಹಸ್ಥನಿಗೆ ಅನುಕೂಲವಾಗಿ ಪರಿಣಮಿಸಿದೆ. ಮೂರು ಪ್ರಾಣಗಳು ಮುಗಿದರೆ ಸರದಿ ಮುಗಿಯಿತು. ಹಿಡಿಕೆ ಒಂದೇ ಆದುದರಿಂದ ಪಕ್ಕದವರಿಗೆ ಕೊಡಲೇಬೇಕು. ನಡುಮನೆಯಲ್ಲಿ ಚೌಕಾಬಾರವನ್ನು ಹಾಸಿದಾಗ ಸುತ್ತಲಿನವರು ಬುದ್ಧಿ ಹೇಳುತ್ತಾ ಬಗ್ಗಿ ನೋಡುತ್ತಿದ್ದಂತೆ, ಇಲ್ಲಿಯೂ ಆಡುವವರೊಬ್ಬರು, ಕೂಗುವವರು ಮೂವರು. ಕೈಫೋನಿನ ಆಟಗಳಲ್ಲಿ ಎಷ್ಟೋ ಮುಗಿಯದಂತೆಯೇ ಮಾಡಲ್ಪಟ್ಟಿವೆ. ನಡುನಡುವೆ ಹಣವನ್ನೂ ಕೇಳುವುವು. ಪಣವು ಬೇರೆ ವೇಷದಲ್ಲಿ ಅಲ್ಲಿ ಹಿಂದಿರುಗಿದೆ. ನಮ್ಮ ದ್ಯೂತದ ಉಪನ್ಯಾಸವನ್ನು ಅದಕ್ಕಾಗಿ ಕಾದಿಟ್ಟುಕೊಂಡಿದ್ದರೆ ಚೆನ್ನಾಗಿತ್ತು.

ಇಂತಹ ಹಿಡಿಕೆಯನ್ನು ಕೊಳ್ಳಬಯಸುವ ವಾಚಕರಿಗೆ ಒಂದು ಮಾತು. ಹೊಸ ಟೆಲಿವಿಷನ್ನುಗಳಿಗೆ ನೇರವಾಗಿ ಸಿಕ್ಕಿಸುವಂತಹವೂ ಈಗ ಪೇಟೆಯಲ್ಲಿವೆ. ‘ಹತ್ತು ಸಾವಿರ ಆಟಗಳು’ ಎಂದು ಡಬ್ಬಿಯ ಮೇಲೆ ಬರೆದಿರುವುದನ್ನು ಕಂಡು ಮರುಳಾಗಬೇಡಿರಿ. ಅಂತಹವುಗಳಲ್ಲಿ ಅನೇಕವೇಳೆ ಅವೇ ಕೆಲವು ಆಟಗಳು ಬೇರೆಬೇರೆ ಹೆಸರಿನಿಂದ ಮತ್ತೆ ಮತ್ತೆ ಬರುವುವು. ನಮಗೆ ಐದೇ ಹೆಚ್ಚಾದುವು.

ಒಂದು ಸಂಜೆ, ಕಾರಂಜಿ ಕೆರೆಯ ಕಡೆಗೆ ತಿರುಗಾಡಿ ಬಂದು ಕುಳಿತಿದ್ದಾಗ, ಮೊಮ್ಮಗಳು ಕಣ್ಣನ್ನು ಪಟದಿಂದ ತೆಗೆಯದೆಯೇ, “ಅಪ್ಪಾ, ನೀನು ಚಿಕ್ಕವನಾಗಿದ್ದಾಗ ನಿನಗೂ ಇಂಥಾದ್ದು ಇತ್ತಾ?” ಎಂದು ಕೇಳಿದಳು.

“ಸ್ವಲ್ಪ ದಿನ ಇತ್ತು” ಎಂದನು ಅವನು. ಅಷ್ಟೇ ಹೇಳಿದನು. ನಮ್ಮ ಕಡೆಗೆ ನೋಡಲಿಲ್ಲ. ಮನೆಯವರು ಎದ್ದು ಒಲೆಯ ಮೇಲೆ ಏನೋ ಇದೆಯೆಂದು ಒಳಕ್ಕೆ ಹೋದರು. ಒಲೆಯ ಮೇಲೆ ಏನೂ ಇರಲಿಲ್ಲವೆಂದು ಬಲ್ಲೆವು.

ಅವರು ಹೊರಡುವ ಹಿಂದಿನ ರಾತ್ರಿ ಉಳಿದವರು ಮಲಗಿದ ಮೇಲೆ ನಾವಿಬ್ಬರೇ ಧ್ವನಿಯನ್ನು ತಗ್ಗಿಸಿಕೊಂಡು ಆಡುತ್ತಿದ್ದೆವು. ಅವನ ಸರದಿ ನಡೆದಿತ್ತು. “ಅದನ್ನು ಆ ದಿನ ಗುಜರಿಗೆ ಕೊಡಬಾರದಾಗಿತ್ತು. ನಮ್ಮದೇ ತಪ್ಪು” ಎಂದೆವು. ಈ ವಾಕ್ಯವನ್ನು ಸಿದ್ಧಪಡಿಸಿಕೊಳ್ಳಲು ನಮಗೆ ಒಂದು ವಾರ ಹಿಡಿದಿತ್ತು.

“ಹನ್ನೊಂದು ರೂಪಾಯಿ ಬಂತು, ಅಲ್ವೇ ಅಪ್ಪ?” ಎಂದನು. ಕೆಂಪು ದೆವ್ವವು ಹತ್ತಿರವಾಗುತ್ತಿತ್ತು. ತಪ್ಪಿಸಿಕೊಂಡು ತಿರುವು ತೆಗೆದುಕೊಂಡನು. “ಆ ಹುಂಡಿ ಒಡೆದಾಗ ಜಾಮಿಟ್ರಿ ಬಾಕ್ಸು ತಗೊಂಡೆ. ಈಗಲೂ ನನ್ನ ಹತ್ರ ಇದೆ.”

ಅಷ್ಟರಲ್ಲಿ ಚಿತ್ರವು ಕದಲಿ ಮಾಯವಾಯಿತು. ಸೆಲ್ಲು ಮುಗಿದಿದ್ದುವು. ಮೇಜಿನ ಖಾನೆಯಲ್ಲಿ ತಡಕಾಡಿದಾಗ ಸಿಕ್ಕಿದ್ದು ಮೂರು. “ಹೋಗಲಿ ಬಿಡಿ ಅಪ್ಪ, ಮಲಗೋಣ, ಬೆಳಿಗ್ಗೆ ಬೇಗ ಹೊರಡಬೇಕು” ಎಂದನು. ಅವನ ಸರದಿಯಲ್ಲಿ ಇನ್ನೂ ಎರಡು ಪ್ರಾಣಗಳು ಬಾಕಿಯಿದ್ದುವು. ನಾವು ಸ್ಟೂಲನ್ನು ಎಳೆದುಕೊಂಡು, ಸ್ಕೂಲಿನ ದಿನಗಳಿಂದ ಐದು ನಿಮಿಷ ಮುಂದಕ್ಕೇ ಇಟ್ಟಿರುವ ಗೋಡೆಯ ಗಡಿಯಾರವನ್ನು ಇಳಿಸಿ, ಅದರ ಸೆಲ್ಲನ್ನು ತೆಗೆದುಕೊಂಡೆವು. ಆಟವನ್ನು ಮೊದಲಿನಿಂದ ಪ್ರಾರಂಭಿಸಬೇಕಾಯಿತು.

ಬೆಳಗಿನ ಜಾವ ಎದ್ದ ಮನೆಯವರು ಗಡಿಯಾರದಲ್ಲಿ ಹತ್ತೂಮುಕ್ಕಾಲನ್ನು ಕಂಡು, ವಿಮಾನ ತಪ್ಪಿತೆಂದು ಎಲ್ಲರನ್ನೂ ಕೂಗಿ ಎಬ್ಬಿಸಿದರು.